ಅಮ್ಮನ ಬೈಗುಳ ಮಗನ ಬಾಯಲ್ಲಿ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳ ಮನೆ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ಕಳೆದ ವರ್ಷ ಆರು ತಿಂಗಳು ಅಲ್ಲಿದ್ದೆ. ಹದಿಮೂರು ವರ್ಷದ ಮೊಮ್ಮಗನೂ ಪಕ್ಕದ ಮನೆಯ ಮೆಕ್ಸಿಕನ್ ಮೂಲದ ಅವನ ಗೆಳೆಯನೂ ಸಂಜೆಯೆಲ್ಲ ಮೊಬೈಲಿನಲ್ಲಿ ಪುಟ್ಟ ಹಾಸ್ಯ ವಿಡಿಯೊಗಳನ್ನು ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡ ಗಂಡಸೊಬ್ಬ ತಾಯಿಯ ಪಾತ್ರ ಮಾಡುತ್ತಾನೆ, ಅರ್ಧ ಇಂಗ್ಲಿಷ್ ಅರ್ಧ ಸ್ಪ್ಯಾನಿಷ್‌ನಲ್ಲಿ ಬೈಯುತ್ತಾನೆ, ಚಪ್ಪಲಿ ಎಸೆಯುತ್ತಾನೆ. ಹೆತ್ತ ತಾಯಿಯನ್ನೂ ಅವಳ ಉಚ್ಚಾರವನ್ನೂ ಊರ ಮುಂದೆ ಗೇಲಿ ಮಾಡುವುದು ಸಂಸ್ಕೃತಿಯ ಅಭಿಮಾನ ಹೇಗಾಗುತ್ತದೆ? ಇವರು ತಮ್ಮತನವನ್ನು ತೋರಿಸುತ್ತಿದ್ದಾರೆಯೇ, ಮಾರುತ್ತಿದ್ದಾರೆಯೇ? ಇನ್ನೊಂದು ಸಣ್ಣ ವಿಷಯ: ಮೊಮ್ಮಗ ಮಂಡಿ ತರಚಿಕೊಂಡಾಗ ಆ ಗೆಳೆಯನ ತಾಯಿ ಕಪ್ಪೆಯ ಬಾಲದ ಏನೋ ಹಾಡು ಹೇಳುತ್ತ ಉಜ್ಜಿದರಂತೆ. ಅದೇನು?

ಉತ್ತರ: ಮೊದಲು ಆ ಟವೆಲ್ಲಿನ ವಿಷಯ ಹೇಳಿಬಿಡುತ್ತೇನೆ. ಅರ್ಧ ಉತ್ತರ ಅದರಲ್ಲೇ ಇದೆ.

ಈ ಬಗೆಯ ಹಾಸ್ಯ ಮೈದಳೆದದ್ದು 2013ರ ಜನವರಿಯಲ್ಲಿ ಶುರುವಾದ ವೈನ್ ಎಂಬ ಆ್ಯಪ್‌ನಲ್ಲಿ. ಅಲ್ಲಿ ಒಂದು ವಿಡಿಯೊಗೆ ಸಿಗುತ್ತಿದ್ದುದು ಆರು ಸೆಕೆಂಡು ಮಾತ್ರ. ಆರು ಸೆಕೆಂಡಿನಲ್ಲಿ ಪಾತ್ರ ಪರಿಚಯ ಮಾಡಿಕೊಡಲು ಆಗುವುದಿಲ್ಲ, ಬಣ್ಣ ಹಚ್ಚಿಕೊಂಡು ಸೀರೆ ಉಟ್ಟು ಬರಲು ಸಹನಟರೂ ಇಲ್ಲ. ಕೋಣೆಯಲ್ಲಿ ಒಬ್ಬನೇ ಹುಡುಗ, ಕೈಯಲ್ಲಿ ಫೋನು. ಕೈಗೆ ಸಿಕ್ಕ ಟವೆಲ್ ತಲೆಗೇರಿದರೆ ಅವನು ಅಮ್ಮ, ಇಳಿದರೆ ಮಗ. ನಮ್ಮ ತಾಳಮದ್ದಳೆಯಲ್ಲಿ ವೇಷವೇ ಇಲ್ಲದೆ ಮಾತಿನ ಬಲದಿಂದ ಕೃಷ್ಣನೋ ಕರ್ಣನೋ ಎದ್ದು ಕೂರುತ್ತಾನಲ್ಲ, ಹಾಗೆ. ತಾಳಮದ್ದಳೆಯ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿರಬೇಕು, ಇಲ್ಲಿಯೂ ಗೊತ್ತಿರಬೇಕು. ಗೊತ್ತಿಲ್ಲದವನಿಗೆ ವಿವರಿಸುವಷ್ಟು ಹೊತ್ತಿಲ್ಲ.

ವೈನ್ 2017ರ ಜನವರಿಯಲ್ಲಿ ಮುಚ್ಚಿಹೋಯಿತು. ಅಷ್ಟರೊಳಗೆ ವೆನೆಜುವೆಲಾದ ಕರಾಕಸ್‌ನಲ್ಲಿ ಹುಟ್ಟಿ ಮಯಾಮಿಯಲ್ಲಿ ಬೆಳೆದ ಲೆಲೆ ಪೊನ್ಸ್ ಆ ಆ್ಯಪ್‌ನಲ್ಲಿ ನೂರು ಕೋಟಿ ವೀಕ್ಷಣೆ ದಾಟಿದ ಮೊದಲಿಗರಾಗಿದ್ದರು. ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಹುಟ್ಟಿ ಫ್ಲಾರಿಡಾದಲ್ಲಿ ಬೆಳೆದ ಲೆಹುವಾನ್ ಜೇಮ್ಸ್ ತಮ್ಮ ತಾಯಿಯ ಮಾತು, ಸಿಟ್ಟು, ನಡಿಗೆಗಳನ್ನೇ ಬಂಡವಾಳ ಮಾಡಿಕೊಂಡು ಹೆಸರಾಗಿದ್ದರು. ಆಮೇಲೆ ಇವರೆಲ್ಲ ಇನ್‌ಸ್ಟಾಗ್ರಾಮಿಗೂ ಯೂಟ್ಯೂಬಿಗೂ ಹೋದರು, ಹೊಸಬರು ಟಿಕ್‌ಟಾಕ್‌ಗೆ ಬಂದರು. ಸಮಯ ಹೆಚ್ಚು ಸಿಕ್ಕಿದರೂ ಆರು ಸೆಕೆಂಡಿನ ಅಭ್ಯಾಸ ಉಳಿಯಿತು. ವಿವರಿಸದೆ ಇರುವ ಅಭ್ಯಾಸ ಅದು.

ನನ್ನ ಮಟ್ಟಿಗೆ ಈ ವಿಡಿಯೊಗಳಲ್ಲಿ ಸಾಂಸ್ಕೃತಿಕ ಗುರುತು ಇರುವುದು ಅಲ್ಲಿಯೇ. ಬಾವುಟ, ಸೊಂಬ್ರೆರೊ ಟೋಪಿ, ಟಾಕೊ ಇವೆಲ್ಲ ಹೊರಗಿನವರಿಗೂ ಗೊತ್ತಿರುವ ಚಿಹ್ನೆಗಳು. ಒಳ್ಳೆಯ ಹಾಸ್ಯಗಾರರು ಅವುಗಳ ತಂಟೆಗೆ ಹೋಗುವುದೇ ಕಡಿಮೆ. ಅವರು ತೋರಿಸುವುದು ಡೆನ್ಮಾರ್ಕಿನ ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬ. ಹುಡುಗ ಆಸೆಯಿಂದ ಮುಚ್ಚಳ ತೆಗೆಯುತ್ತಾನೆ, ಒಳಗೆ ಸೂಜಿ, ದಾರ, ಗುಂಡಿ. ಇಲ್ಲವೇ ಫ್ರಿಜ್‌ನಲ್ಲಿ ಬೆಣ್ಣೆಯ ಬದಲು ಬಳಸುವ ಮಾರ್ಗರಿನ್‌ನ ಡಬ್ಬ. ತೆರೆದರೆ ಮೊನ್ನೆಯ ಬೇಯಿಸಿದ ಬೀನ್ಸ್ ಕಾಳು. ಶನಿವಾರ ಬೆಳಿಗ್ಗೆ ಜೋರಾಗಿ ಹಾಡು ಕೇಳಿಸಿತೆಂದರೆ ಇವತ್ತು ಮನೆ ತೊಳೆಯುವ ದಿನ, ಹಾಸಿಗೆಯಿಂದ ಏಳಲೇಬೇಕು. ಜ್ವರಕ್ಕೆ, ಕೆಮ್ಮಿಗೆ, ಸೊಳ್ಳೆ ಕಡಿತಕ್ಕೆ, ಮನೋವ್ಯಥೆಗೆ ಸಹ ವಿಕ್ಸ್. ಅದರ ಹೆಸರು ಅವರ ಮನೆಗಳಲ್ಲಿ ‘ವಿವಪೊರು’. ದಾರಿಯಲ್ಲಿ ಹೋಟೆಲ್ ಕಂಡು ಮಗ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳುತ್ತಾಳೆ: ಮನೆಯಲ್ಲಿ ಅಡುಗೆ ಇದೆ. ಅಜ್ಜಿ ದಿನವಿಡೀ ತೊಡುವ ಸಡಿಲ ಹೂವಿನ ಅಂಗಿಗೆ ‘ಬಾತಾ’ ಎನ್ನುತ್ತಾರೆ. ನಮ್ಮ ಮನೆಗಳ ನೈಟಿಯೇ ಅದು, ಮೇಲೆ ಹೊದೆಯುವ ಟವೆಲ್ ಒಂದಿಲ್ಲ ಅಷ್ಟೆ.

ನಿಮ್ಮ ಮೊಮ್ಮಗ ಏಕೆ ನಗುತ್ತಿದ್ದ ಎಂಬುದು ಈಗ ಗೊತ್ತಾಗಿರಬೇಕು. ಸ್ಪ್ಯಾನಿಷ್ ಬಾರದಿದ್ದರೂ ಮನೆಯಲ್ಲಿ ಐಸ್‌ಕ್ರೀಮ್ ಡಬ್ಬದಲ್ಲಿ ಕರಿಬೇವು ಸಿಕ್ಕ ಅನುಭವ ಅವನಿಗಿದ್ದೇ ಇರುತ್ತದೆ. ಟೆಕ್ಸಾಸ್‌ನಲ್ಲಿ 2020ರ ಜನಗಣತಿಯಂತೆ ನೂರಕ್ಕೆ 39ರಷ್ಟು ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು. ಅಲ್ಲಿ ಬೆಳೆಯುವ ಕನ್ನಡದ ಮಗು ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗಿಂತ ಮೊದಲು ಸ್ಪ್ಯಾನಿಷ್ ಮನೆಯ ಸಹಪಾಠಿಯಲ್ಲಿ ತನ್ನ ಮನೆಯ ವಾಸನೆ ಕಂಡುಕೊಂಡರೆ ಆಶ್ಚರ್ಯವಿಲ್ಲ.

ಈ ವಿವರಿಸದಿರುವಿಕೆಯ ಬೆಲೆ ತಿಳಿಯಬೇಕಾದರೆ ಹಿಂದೆ ಏನಿತ್ತು ಎಂದು ನೋಡಬೇಕು. 1959ರ ಸುಮಾರಿಗೆ ಅಮೆರಿಕದ ಟಿವಿಯಲ್ಲಿ ‘ಹೋಸೆ ಹಿಮೆನೆಸ್’ ಎಂಬ ಪಾತ್ರ ಮನೆಮಾತಾಯಿತು. ತಡವರಿಸುವ ಇಂಗ್ಲಿಷ್‌ನಲ್ಲಿ ತನ್ನ ಹೆಸರು ಹೇಳಿದರೆ ಸಾಕು, ಜನ ನಗುತ್ತಿದ್ದರು. ಪಾತ್ರ ಮಾಡುತ್ತಿದ್ದ ಬಿಲ್ ಡಾನಾ ಹಂಗೇರಿ ಮೂಲದ ಯಹೂದಿ ಮನೆತನದವರು. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹೋರಾಟಗಾರರ ಆಕ್ಷೇಪ ಕೇಳಿಸಿಕೊಂಡು 1970ರಲ್ಲಿ ಅವರೇ ಆ ಪಾತ್ರ ಸತ್ತಿತೆಂದು ಸಾರಿ ನಿಲ್ಲಿಸಿದರು. ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯ. ಆದರೆ ಆ ನಗೆಯ ದಿಕ್ಕು ನೋಡಿ: ಸ್ಪ್ಯಾನಿಷ್ ಮಾತನಾಡುವವನು ವೇದಿಕೆಯ ಮೇಲೆ, ನಗುವವರು ಇಂಗ್ಲಿಷಿನವರು. ನಿಮ್ಮ ಮೊಮ್ಮಗನ ಫೋನಿನಲ್ಲಿ ವೇದಿಕೆಯ ಮೇಲಿರುವವನೂ ಕೆಳಗಿರುವವನೂ ಒಂದೇ ಬಗೆಯ ಮನೆಯಿಂದ ಬಂದವರು.

ಹಾಗಾದರೆ ತಾಯಿಯ ಉಚ್ಚಾರದ ಗೇಲಿ? ನಾನು ವೃತ್ತಿಯಿಂದ ಭಾಷಾವಿಜ್ಞಾನದವನು, ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಇದೇ ಭಾಗ. ಸ್ಪ್ಯಾನಿಷ್‌ನಲ್ಲಿ ಪದ ‘ಸ್ಕ’, ‘ಸ್ಪ’, ‘ಸ್ಟ’ಗಳಿಂದ ಶುರುವಾಗುವುದಿಲ್ಲ, ಮುಂದೆ ಒಂದು ‘ಎ’ ಬೇಕು. ಆದ್ದರಿಂದ ಅಮ್ಮನ ಬಾಯಲ್ಲಿ ಸ್ಕೂಲು ‘ಎಸ್ಕೂಲ್’ ಆಗುತ್ತದೆ, ಹಿಂದಿಯವರ ‘ಇಸ್ಕೂಲ್’ನ ಹಾಗೆ. ಮಗ ಅದನ್ನು ಅಣಕಿಸುತ್ತಾನೆ. ಹೊರಗಿನವನೂ ಅಣಕಿಸಬಲ್ಲ. ಎರಡೂ ಒಂದೇ ಅಲ್ಲ ಎಂದು ಹೇಳಲು ಭಾವುಕತೆ ಬೇಕಿಲ್ಲ, ಕಿವಿ ಇದ್ದರೆ ಸಾಕು.

ಜೇನ್ ಹಿಲ್ ಎಂಬ ಮಾನವಶಾಸ್ತ್ರಜ್ಞೆ 1990ರ ದಶಕದಲ್ಲಿ ಒಂದು ವಿಷಯ ಗುರುತಿಸಿದರು. ಬಿಳಿಯ ಅಮೆರಿಕನ್ನರು ತಮಾಷೆಗೆಂದು ಬಳಸುವ ಸ್ಪ್ಯಾನಿಷ್ ಬೇಕೆಂದೇ ಕೆಟ್ಟದಾಗಿರುತ್ತದೆ: ಇಂಗ್ಲಿಷ್ ಪದಕ್ಕೆ ಒಂದು ‘ಓ’ ಅಂಟಿಸಿ ‘ನೋ ಪ್ರಾಬ್ಲೆಮೊ’ ಎನ್ನುವುದು, ನಾಲ್ಕೇ ಪದಗಳನ್ನು ಇಂಗ್ಲಿಷ್ ನಾಲಿಗೆಯಲ್ಲಿ ಉರುಳಿಸುವುದು. ಅದಕ್ಕೆ ಅವರು ಅಣಕು ಸ್ಪ್ಯಾನಿಷ್ ಎಂದು ಹೆಸರಿಟ್ಟರು. 2016ರ ಅಕ್ಟೋಬರ್‌ನಲ್ಲಿ ಅಧ್ಯಕ್ಷೀಯ ಚರ್ಚೆಯ ವೇದಿಕೆಯಿಂದ ಡೊನಾಲ್ಡ್ ಟ್ರಂಪ್ ‘ಬ್ಯಾಡ್ ಓಂಬ್ರೆಸ್’ ಎಂದದ್ದು ಇದರ ಪ್ರಸಿದ್ಧ ಮಾದರಿ. ‘ಓಂಬ್ರೆ’ ಎಂದರೆ ಗಂಡಸು, ಅಷ್ಟೆ. ಆದರೆ ಆ ಇಂಗ್ಲಿಷ್ ವಾಕ್ಯದಲ್ಲಿ ಅದು ಸ್ಪ್ಯಾನಿಷ್‌ನಲ್ಲಿ ಕೂತಾಗಲೇ ಕಳ್ಳನಾಗಿಬಿಟ್ಟಿತ್ತು. ಅಣಕು ಸ್ಪ್ಯಾನಿಷ್‌ಗೆ ಭಾಷೆ ತಿಳಿದಿರಬೇಕಿಲ್ಲ. ತಿಳಿಯದಿರುವುದೇ ಅದರ ತಮಾಷೆ.

ಟವೆಲ್ ಸುತ್ತಿದ ಹುಡುಗನ ಕೆಲಸ ಇದಕ್ಕೆ ತದ್ವಿರುದ್ಧ. ಅವನ ಅಣಕಿನಲ್ಲಿ ಒಂದು ಸ್ವರ ತಪ್ಪಿದರೂ ನೋಡುವವರು ಬಿಡುವುದಿಲ್ಲ. ಡೊಮಿನಿಕನ್ ಗಣರಾಜ್ಯದ ತಾಯಿಯಾದರೆ ಪದದ ಕೊನೆಯ ‘ಸ’ ನುಂಗಬೇಕು. ಅವಳು ಆ ದೇಶದ ಉತ್ತರದ ಸಿಬಾವೊ ಪ್ರದೇಶದವಳಾದರೆ ‘ಕೊಮೆರ್’ (ತಿನ್ನು) ಎಂಬುದು ‘ಕೊಮೆಯ್’ ಆಗಬೇಕು. ಪೋರ್ಟೊ ರಿಕೊದವಳಾದರೆ ಸ್ವಂತ ನಾಡಿನ ಹೆಸರೇ ‘ಪ್ವೆಲ್ತೊ ರಿಕೊ’. ಯಾವ ಪದದ ಬಳಿ ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷ್‌ಗೆ ಜಾರಬೇಕು ಎಂಬುದಕ್ಕೂ ನಿಯಮವಿದೆ. 1980ರಲ್ಲಿ ಭಾಷಾವಿಜ್ಞಾನಿ ಶಾನಾ ಪಾಪ್ಲಾಕ್ ನ್ಯೂಯಾರ್ಕಿನ ಪೋರ್ಟೊ ರಿಕನ್ ಕೇರಿಯ ಮಾತನ್ನು ಅಭ್ಯಾಸ ಮಾಡಿ ತೋರಿಸಿದ್ದು ಇದನ್ನೇ: ವಾಕ್ಯದ ನಡುವೆ ಭಾಷೆ ಬದಲಿಸುವವರು ಎರಡನ್ನೂ ಅರೆಬರೆ ಕಲಿತವರೆಂಬ ನಂಬಿಕೆ ತಪ್ಪು, ಎರಡೂ ಚೆನ್ನಾಗಿ ಬರುವವರೇ ಹಾಗೆ ಹೆಚ್ಚು ಮಾಡುತ್ತಾರೆ, ಎರಡು ವ್ಯಾಕರಣಗಳೂ ಮುರಿಯದ ಜಾಗದಲ್ಲಿ ಮಾತ್ರ ಮಾಡುತ್ತಾರೆ. ಹಾಗಾಗಿ ಆ ಬೈಗುಳದ ಕಲಬೆರಕೆಯನ್ನು ನೀವು ಶಿಕ್ಷಕಿಯ ಕೆಂಪು ಪೆನ್ನು ಹಿಡಿದು ನೋಡಬೇಡಿ.

ಇನ್ನೂ ಒಂದು ಮಜಾ ಇದೆ. ಭಾಷಾಮಾನವಶಾಸ್ತ್ರಜ್ಞ ಜೊನಾಥನ್ ರೋಸಾ ಷಿಕಾಗೊದ ಒಂದು ಪ್ರೌಢಶಾಲೆಯಲ್ಲಿ ಮೆಕ್ಸಿಕನ್ ಮತ್ತು ಪೋರ್ಟೊ ರಿಕನ್ ಮಕ್ಕಳ ನಡುವೆ ಕಂಡದ್ದು ಆ ಅಣಕು ಸ್ಪ್ಯಾನಿಷ್‌ನ ಮಗ್ಗುಲು ಬದಲಿಸಿದ ರೂಪ. ಮಕ್ಕಳು ಬಿಳಿಯರ ಉಚ್ಚಾರದಲ್ಲಿ, ಬೇಕೆಂದೇ ಎಳೆದೆಳೆದು, ಸ್ಪ್ಯಾನಿಷ್ ಪದ ಹೇಳಿ ನಗುತ್ತಾರೆ. ಹಾಸ್ಯ ವಿಡಿಯೊಗಳಲ್ಲಿ ಇದು ದಿನನಿತ್ಯದ ಸರಕು: ಟಾಕೊ ಅಂಗಡಿಯಲ್ಲಿ ಅತಿ ಉತ್ಸಾಹದಿಂದ ‘ಗ್ರಾಸಿಯಾಸ್’ (ಧನ್ಯವಾದ) ಎನ್ನುವ ಬಿಳಿಯ ಗಿರಾಕಿ. ಅಣಕಿಸುವ ಹಕ್ಕು ಕೈ ಬದಲಾಯಿಸಿದೆ.

ಈಗ ನಿಮ್ಮ ಅಸಮಾಧಾನದ ಬೇರಿಗೆ ಬರುತ್ತೇನೆ. ತಾಯಿ ಗೇಲಿಗೆ ಒಳಗಾಗುತ್ತಿದ್ದಾಳೆ ಎಂದು ನಿಮಗೆ ಅನ್ನಿಸಿದೆ. ನಾನು ಈ ವಿಡಿಯೊಗಳನ್ನು ನೋಡುತ್ತ ಹೋದಂತೆ ಪರೀಕ್ಷೆಗೆ ಕೂತಿರುವವನು ಮಗ ಎಂದು ಅನ್ನಿಸತೊಡಗಿತು. ವಲಸೆ ಹೋದ ಮನೆಯಲ್ಲಿ ಭಾಷೆ ಸೋರಿಹೋಗುವ ಕ್ರಮ ಒಂದಿದೆ. ಮೊದಲು ಪತ್ರಿಕೆ ಓದುವ ಭಾಷೆ ಹೋಗುತ್ತದೆ, ಆಮೇಲೆ ವಾದ ಮಾಡುವ ಭಾಷೆ, ಆಮೇಲೆ ದುಃಖ ಹೇಳಿಕೊಳ್ಳುವ ಭಾಷೆ. ಕಟ್ಟಕಡೆಗೆ ಉಳಿಯುವುದು ತಿಂಡಿಯ ಹೆಸರುಗಳು ಮತ್ತು ಬೈಗುಳ. ತಾಯಿಯೊಡನೆ ಹತ್ತು ನಿಮಿಷ ಸ್ಪ್ಯಾನಿಷ್‌ನಲ್ಲಿ ಮಾತನಾಡಲಾರದ ಹುಡುಗ ಅವಳು ಬೈಯುವಾಗಿನ ಏರಿಳಿತವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಅಣಕು ಅವನ ಬಳಿ ಉಳಿದಿರುವ ಆಸ್ತಿಯ ಲೆಕ್ಕ.

ಅದಕ್ಕೇ ಈಚಿನ ವರ್ಷಗಳಲ್ಲಿ ಇಡೀ ಒಂದು ಹಾಸ್ಯ ಪ್ರಕಾರ ‘ನೊ ಸಾಬೊ’ ಎಂಬ ಎರಡು ಪದಗಳ ಸುತ್ತ ಬೆಳೆದಿದೆ. ಸ್ಪ್ಯಾನಿಷ್‌ನಲ್ಲಿ ‘ನನಗೆ ಗೊತ್ತಿಲ್ಲ’ ಎನ್ನಲು ‘ನೊ ಸೆ’ ಎನ್ನಬೇಕು. ಕ್ರಿಯಾಪದ ‘ಸಾಬೆರ್’. ‘ಕೊಮೆರ್’ನಿಂದ ‘ಕೊಮೊ’, ‘ಬೆಬೆರ್’ನಿಂದ ‘ಬೆಬೊ’ ಎಂದು ಕಲಿತ ಮಗು ‘ಸಾಬೆರ್’ನಿಂದ ‘ಸಾಬೊ’ ಮಾಡುತ್ತದೆ. ನಮ್ಮಲ್ಲಿ ಇಡು–ಇಟ್ಟ, ಕೊಡು–ಕೊಟ್ಟ ಎಂದು ಕಲಿತ ಮಗು ‘ಮಾಡು–ಮಾಟ್ಟ’ ಎಂದರೆ ಹೇಗೋ ಹಾಗೆ. ತಪ್ಪು ಬಹಳ ತರ್ಕಬದ್ಧವಾದ ತಪ್ಪು, ಸ್ಪ್ಯಾನಿಷ್ ದೇಶಗಳ ಎಳೆಯ ಮಕ್ಕಳೂ ಮಾಡುವಂಥದ್ದು. ಆದರೆ ಅಮೆರಿಕದಲ್ಲಿ ಅದು ಚುಚ್ಚುಮಾತಾಯಿತು: ಸ್ಪ್ಯಾನಿಷ್ ಬಾರದ ಲ್ಯಾಟಿನೊ ಮಕ್ಕಳಿಗೆ ‘ನೊ ಸಾಬೊ ಕಿಡ್ಸ್’ ಎಂದು ಹೆಸರು. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎರಡು ಅಂಕಿಗಳಿವೆ, ಒಂದರ ಪಕ್ಕ ಒಂದಿಟ್ಟು ನೋಡಿ. ಲ್ಯಾಟಿನೊ ಎನ್ನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕೆಂದಿಲ್ಲ ಎಂದವರು ನೂರಕ್ಕೆ 78. ಸ್ಪ್ಯಾನಿಷ್ ಬಾರದವರು ಅಥವಾ ಅಲ್ಪಸ್ವಲ್ಪವೇ ಬರುವವರ ಪೈಕಿ, ಅದಕ್ಕಾಗಿ ತಮ್ಮವರೇ ತಮ್ಮನ್ನು ಕುಗ್ಗಿಸಿದ್ದಾರೆ ಎಂದವರು ನೂರಕ್ಕೆ 54. ಬಾಯಲ್ಲಿ ಒಂದು, ಮದುವೆ ಮನೆಯಲ್ಲಿ ಇನ್ನೊಂದು. ಈ ಎರಡು ಅಂಕಿಗಳ ನಡುವಿನ ಬಿರುಕಿನಲ್ಲಿ ಹಾಸ್ಯಗಾರರು ಸಂಸಾರ ಹೂಡಿದ್ದಾರೆ. ಚಿಕ್ಕಮ್ಮ ಪ್ರಶ್ನೆ ಕೇಳುತ್ತಾಳೆ, ಹುಡುಗ ಬೆವರುತ್ತಾನೆ, ಇಂಗ್ಲಿಷ್ ಪದಕ್ಕೆ ಸ್ಪ್ಯಾನಿಷ್ ಬಾಲ ಅಂಟಿಸಿ ಬಚಾವಾಗಲು ನೋಡುತ್ತಾನೆ. ಹೊರಗಿನವರ ಅಣಕು ಸ್ಪ್ಯಾನಿಷ್ ಇಲ್ಲಿ ಒಳಗಿನವನ ಬಾಯಿಗೇ ಬಂದುಬಿಟ್ಟಿದೆ. ನಗು ಬರುತ್ತದೆ, ಹೊಟ್ಟೆಯೊಳಗೆ ಏನೋ ಕಲಕುತ್ತದೆ ಕೂಡ.

ಇಷ್ಟು ಹೊತ್ತೂ ‘ಲ್ಯಾಟಿನೊ’ ಎಂದೆ. ಆ ಪದವೇ ಒಂದು ತಕರಾರು. 2020ರ ಜನಗಣತಿಯಲ್ಲಿ ಅಮೆರಿಕದ 6 ಕೋಟಿ 21 ಲಕ್ಷ ಜನ ಈ ಗುಂಪಿಗೆ ಸೇರಿದವರೆಂದು ಬರೆಸಿದರು. 1917ರಿಂದಲೇ ಅಮೆರಿಕದ ಪ್ರಜೆಗಳಾಗಿರುವ ಪೋರ್ಟೊ ರಿಕನ್ನರು, 1959ರ ಕ್ರಾಂತಿಯ ಬಳಿಕ ಮಯಾಮಿಗೆ ಬಂದ ಕ್ಯೂಬನ್ನರು, ಟೆಕ್ಸಾಸ್ ಇನ್ನೂ ಮೆಕ್ಸಿಕೊದಲ್ಲಿದ್ದಾಗಲೇ ಅಲ್ಲಿದ್ದ ಮನೆತನಗಳು, ಮೊನ್ನೆ ಬಂದ ವೆನೆಜುವೆಲಾದವರು, ಎಲ್ಲರಿಗೂ ಒಂದೇ ಚೀಟಿ. ಕೀಟೊ ನಗರದಲ್ಲಿ ಕೂತಿರುವವನು ತನ್ನನ್ನು ಲ್ಯಾಟಿನೊ ಎಂದು ಕರೆದುಕೊಂಡು ಬೆಳಿಗ್ಗೆ ಏಳುವುದಿಲ್ಲ, ಅವನು ಈಕ್ವೆಡಾರಿನವನು. ಅಲ್ಲಿ 2011ರಲ್ಲಿ ಶುರುವಾದ ಎಂಚುಫೆ ಟಿವಿ ಎಂಬ ಯೂಟ್ಯೂಬ್ ತಂಡ ಸ್ಪ್ಯಾನಿಷ್ ಜಗತ್ತನ್ನೆಲ್ಲ ನಗಿಸಿದ್ದು ಬ್ಯಾಂಕಿನ ಸಾಲು, ಮೊದಲ ಪ್ರೇಮ, ಕುಡಿದ ಗೆಳೆಯ ಇಂಥವುಗಳಿಂದ. ಗುರುತಿನ ಪ್ರಶ್ನೆ ಅಲ್ಲಿ ಅಷ್ಟಾಗಿ ತಲೆ ಎತ್ತುವುದಿಲ್ಲ, ಏಕೆಂದರೆ ಅದನ್ನು ಕೇಳುವವರು ಸುತ್ತಮುತ್ತ ಇಲ್ಲ. ಗಡಿ ದಾಟಿದ ಮೇಲೆ ಅಂಟುವ ಹೆಸರು ಅದು.

ಈ ಚೀಟಿಯನ್ನು ಹರಿಯುವ ಹಾಸ್ಯವೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ವೆನೆಜುವೆಲಾ ಮೂಲದ ಜೊವಾನಾ ಹೌಸ್‌ಮನ್ ದೇಶದಿಂದ ದೇಶಕ್ಕೆ ಸ್ಪ್ಯಾನಿಷ್ ಉಚ್ಚಾರ ಹೇಗೆ ಬದಲಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಮಾಡಿ ತೋರಿಸಿ ಜನಪ್ರಿಯರಾದರು. 2012ರಲ್ಲಿ ಕೊಲಂಬಿಯಾದ ಒಸ್ಪಿನಾ ಸಹೋದರರಿಬ್ಬರು ಸ್ಪ್ಯಾನಿಷ್ ಎಷ್ಟು ಕಷ್ಟ ಎಂದು ಗಿಟಾರ್ ಹಿಡಿದು ಗೋಳಿಟ್ಟ ಹಾಡು ದೇಶದೇಶ ಸುತ್ತಿತು. ಸರಕಿಗೆ ಬರವಿಲ್ಲ. ‘ಗ್ವಾಗ್ವಾ’ ಎಂದರೆ ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಕೂಸು. ಗ್ವಾಗ್ವಾ ಹತ್ತಿಕೊಂಡು ಬಂದೆ ಎಂದರೆ ಚಿಲಿಯವನು ಪೊಲೀಸರನ್ನು ಕರೆದಾನು. ‘ಅವೊರಿತಾ’ ಎಂದರೆ ಪೋರ್ಟೊ ರಿಕೊದಲ್ಲಿ ‘ಆಮೇಲೆ’. ಮೆಕ್ಸಿಕೊದಲ್ಲಿ ಅದು ‘ಈಗಲೇ’ಯಿಂದ ಹಿಡಿದು ‘ಎಂದಿಗೂ ಇಲ್ಲ’ದವರೆಗೆ ಏನು ಬೇಕಾದರೂ ಆಗಬಹುದು, ನಮ್ಮ ‘ಬಂದೆ, ಇಲ್ಲೇ ಇದ್ದೇನೆ’ ಇದ್ದಂತೆ. ಎಳನೀರಿಗೆ ಹಾಕುವ ಸ್ಟ್ರಾ ಒಂದಕ್ಕೇ ಮೆಕ್ಸಿಕೊದಲ್ಲಿ ಪೊಪೊತೆ, ಕೊಲಂಬಿಯಾದಲ್ಲಿ ಪಿತಿಯೊ, ಡೊಮಿನಿಕನ್ನರಲ್ಲಿ ಕಾಲಿಮೆತೆ, ಪನಾಮಾದಲ್ಲಿ ಕರ್ರಿಸೊ. ನಾಲ್ಕು ದೇಶದ ನಾಲ್ವರು ಒಂದು ಹೋಟೆಲ್ ಮೇಜಿನ ಸುತ್ತ ಕೂತರೆ ವಿಡಿಯೊ ಸಿದ್ಧ. ಧಾರವಾಡ, ಮೈಸೂರು, ಕುಂದಾಪುರಗಳ ಕನ್ನಡವನ್ನು ಎದುರುಬದುರು ಕೂರಿಸುವ ನಮ್ಮ ವಿಡಿಯೊಗಳ ಜಾತಿಯೇ ಇದು. ನಾವೆಲ್ಲ ಒಂದೇ ಎಂಬ ಭಾಷಣಕ್ಕಿಂತ ನಮ್ಮ ಜಗಳ ನಮಗಷ್ಟೇ ಅರ್ಥವಾಗುತ್ತದೆ ಎಂಬುದು ಹೆಚ್ಚು ಗಟ್ಟಿಯಾದ ನಂಟು.

ತೋರಿಸುವುದೋ ಮಾರುವುದೋ ಎಂದಿರಿ. ಎರಡೂ ಹೌದು, ಇದರಲ್ಲಿ ಮುಚ್ಚುಮರೆ ಇಲ್ಲ. ಲಾಸ್ ಏಂಜಲಿಸ್‌ನಲ್ಲಿ ‘ಮಿಟು’ ಎಂಬ ಕಂಪನಿ 2012ರಲ್ಲೇ ಲ್ಯಾಟಿನೊ ಯುವಕರನ್ನು ಗುರಿಯಾಗಿಟ್ಟುಕೊಂಡು ಹುಟ್ಟಿತು. ಬಝ್‌ಫೀಡ್ ಎಂಬ ಅಂತರ್ಜಾಲ ಮಾಧ್ಯಮ ಸಂಸ್ಥೆಯವರು ‘ಪೆರೊ ಲೈಕ್’ ಎಂಬ ವಿಭಾಗ ತೆರೆದರು. ‘ಪೆರೊ’ ಸ್ಪ್ಯಾನಿಷ್‌ನ ‘ಆದರೆ’, ‘ಲೈಕ್’ ಅಮೆರಿಕದ ಹುಡುಗರು ಉಸಿರಿಗೊಮ್ಮೆ ಸೇರಿಸುವ ಇಂಗ್ಲಿಷ್ ಪದ. ಹೆಸರಿನಲ್ಲೇ ಆ ಮಕ್ಕಳ ಮಾತಿನ ಧಾಟಿ ಹಿಡಿದಿದ್ದಾರೆ. ಮಯಾಮಿಯ ಕ್ಯೂಬನ್ ಮನೆತನದ ಜೆನ್ನಿ ಲೊರೆನ್ಸೊ ‘ಅಬ್ವೇಲಾ’, ಅಂದರೆ ಅಜ್ಜಿಯ ಪಾತ್ರದಿಂದ ಹೆಸರಾದದ್ದು ಇಂಥ ವೇದಿಕೆಗಳ ಮೂಲಕ. ಆ ಅಜ್ಜಿ ಕ್ಯೂಬಾದ ಅಜ್ಜಿ, ಮಯಾಮಿಯ ಅಜ್ಜಿ, ವಿಳಾಸ ಇರುವ ಅಜ್ಜಿ. ಆದರೆ ಜಾಹೀರಾತುದಾರನಿಗೆ ವಿಳಾಸ ಬೇಡ, ಆರು ಕೋಟಿ ಜನ ಬೇಕು. ಆಗ ಏನಾಗುತ್ತದೆಂದರೆ ಯಾವ ದೇಶದವಳೂ ಅಲ್ಲದ, ಎಲ್ಲ ದೇಶಕ್ಕೂ ಸಲ್ಲುವ ಸರಾಸರಿ ಅಮ್ಮನೊಬ್ಬಳು ತಯಾರಾಗುತ್ತಾಳೆ: ಚಪ್ಪಲಿ, ವಿಕ್ಸ್, ಬೀನ್ಸ್ ಕಾಳಿನ ಡಬ್ಬ, ಮುಗಿಯಿತು. ನೂರನೆಯ ಸಲ ಚಪ್ಪಲಿ ಹಾರಿದಾಗ ನನಗಂತೂ ಆಕಳಿಕೆ ಬರುತ್ತದೆ. ಆ ಚಪ್ಪಲಿಗೆ ‘ಚಾಂಕ್ಲಾ’ ಎನ್ನುತ್ತಾರೆ. ಏಟು ತಿಂದ ನೆನಪನ್ನು ಪ್ರೀತಿಯ ಸಂಕೇತ ಮಾಡಿ ನಗಿಸುವುದು ಸರಿಯೇ ಎಂಬ ವಾದ ಅವರವರಲ್ಲೇ ನಡೆದಿದೆ, ನಡೆಯಬೇಕಾದದ್ದೇ. ಬೆನ್ನ ಮೇಲೆ ಬಾಸುಂಡೆ ಎದ್ದ ಮಗುವಿಗೆ ಅದು ಹಾಸ್ಯವಾಗಿರಲಿಲ್ಲ.

ಆ ಸರಾಸರಿ ಅಮ್ಮನ ಬಣ್ಣವನ್ನೂ ಗಮನಿಸಿ. ಪ್ಯೂ ಕೇಂದ್ರದ ಲೆಕ್ಕದಲ್ಲಿ ಅಮೆರಿಕದ ವಯಸ್ಕ ಲ್ಯಾಟಿನೊಗಳಲ್ಲಿ ನೂರಕ್ಕೆ 12ರಷ್ಟು ಜನ ಆಫ್ರಿಕನ್ ಮೂಲವನ್ನೂ ಹೇಳಿಕೊಳ್ಳುವವರು, ಸುಮಾರು 60 ಲಕ್ಷ. ಹೆಸರಾದ ವಿಡಿಯೊಗಳಲ್ಲಿ ಅವರನ್ನು ಹುಡುಕಬೇಕು. ಮಿಶ್ತೆಕ್, ಮಾಯಾ ಮುಂತಾದ ಮೂಲನಿವಾಸಿ ಭಾಷೆಗಳನ್ನಾಡುವ ವಲಸಿಗರನ್ನು ಹುಡುಕಿದರೂ ಸಿಗುವುದು ಕಷ್ಟ. ಅವರ ಅಮ್ಮ ಬೈಯುವುದು ಸ್ಪ್ಯಾನಿಷ್‌ನಲ್ಲಿ ಅಲ್ಲವೇ ಅಲ್ಲ. ಲ್ಯಾಟಿನೊ ಮನೆಗಳಲ್ಲಿ ‘ಮೆಹೊರಾರ್ ಲಾ ರಾಸಾ’ ಎಂಬ ಮಾತಿದೆ, ತಳಿ ಸುಧಾರಿಸು ಎಂದು. ಬೆಳ್ಳಗಿನ ಹುಡುಗನನ್ನು ಮದುವೆಯಾಗು ಎಂಬುದು ಅದರ ಅರ್ಥ. ನಮ್ಮ ವಧುವರರ ಜಾಹೀರಾತು ಓದಿದವರಿಗೆ ಅನುವಾದ ಬೇಕಿಲ್ಲ. ಗುಂಗುರು ಕೂದಲಿಗೆ ‘ಪೆಲೊ ಮಾಲೊ’, ಕೆಟ್ಟ ಕೂದಲು. ಈ ಮಾತುಗಳನ್ನು ಚಿಕ್ಕಮ್ಮನ ಬಾಯಲ್ಲಿ ಹಾಕಿ, ಊಟದ ಮೇಜಿನ ಸುತ್ತ ಒಂದು ಕ್ಷಣ ಎಲ್ಲರೂ ಸುಮ್ಮನಾಗುವುದನ್ನು ತೋರಿಸುವ ಕಿರಿಯರು ಈಗ ಬಂದಿದ್ದಾರೆ. ಅಲ್ಲಿ ಅಮ್ಮನನ್ನು ಅಣಕಿಸುವುದು ನಿಂತು ಅಮ್ಮನಿಗೆ ಉತ್ತರ ಕೊಡುವುದು ಶುರುವಾಗುತ್ತದೆ. ಅಂಥ ವಿಡಿಯೊ ಹೆಚ್ಚು ಹಂಚಿಕೆಯಾಗುವುದಿಲ್ಲ ಎಂಬುದು ಬೇರೆ ಮಾತು. ಅದನ್ನು ಯಾರೂ ತಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಿಲ್ಲ.

ಪಡಿಯಚ್ಚನ್ನು ಒಳಗಿನಿಂದಲೇ ತಿರುಗಿಸಿದ ಒಂದು ಉದಾಹರಣೆ ಕೊಡುತ್ತೇನೆ. ಲಾಸ್ ಏಂಜಲಿಸ್ ಸುತ್ತಿನ ಮೆಕ್ಸಿಕನ್ ಕೇರಿಗಳ ‘ಚೋಲೊ’ ಹುಡುಗ, ಬೋಳು ತಲೆ, ದೊಗಳೆ ಚಡ್ಡಿ, ಮೊಣಕಾಲವರೆಗೆ ಎಳೆದ ಬಿಳಿ ಕಾಲುಚೀಲ, ಸಿನಿಮಾದಲ್ಲಿ ಯಾವಾಗಲೂ ರೌಡಿ. ಫ್ರ್ಯಾಂಕಿ ಕಿನ್ಯೋನೆಸ್ ಎಂಬ ಹಾಸ್ಯಗಾರ ಅದೇ ವೇಷದಲ್ಲಿ ‘ಕ್ರೀಪರ್’ ಎಂಬ ವ್ಯಾಯಾಮ ಶಿಕ್ಷಕನಾದರು. ವಿಡಿಯೊಗಳ ಹೆಸರು ‘ಚೋಲೊಫಿಟ್’. ಕೇರಿಯ ಮಾತಿನಲ್ಲೇ ಬಸ್ಕಿ ಹೊಡೆಸುತ್ತಾನೆ, ಆರೋಗ್ಯದ ಬುದ್ಧಿ ಹೇಳುತ್ತಾನೆ. ವೇಷ ಒಂದೂ ಬದಲಾಗಿಲ್ಲ, ನಮ್ಮ ಹೆದರಿಕೆ ಮಾತ್ರ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಇದರಿಂದ ಬಂದ ಹೆಸರು ಅವರನ್ನು 2022ರಲ್ಲಿ ಹುಲೂ ಎಂಬ ಒಟಿಟಿಯ ಧಾರಾವಾಹಿಯೊಂದರ ಮುಖ್ಯ ಪಾತ್ರದವರೆಗೆ ಒಯ್ದಿತು. ಅದೇ ವರ್ಷ ಮಯಾಮಿಯ ಮಾರ್ಸೆಲೊ ಹೆರ್ನಾಂಡೆಸ್ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ‘ಸ್ಯಾಟರ್ಡೆ ನೈಟ್ ಲೈವ್’ನ ತಂಡ ಸೇರಿದರು. ಅಲ್ಲಿಯೂ ಅವರು ಮತ್ತೆ ಮತ್ತೆ ತರುವುದು ತಮ್ಮ ಕ್ಯೂಬನ್ ತಾಯಿಯನ್ನು. ಟವೆಲ್ ಮಾತ್ರ ಇಲ್ಲ.

ಇನ್ನು ಕಪ್ಪೆಯ ಹಾಡು. ‘ಸಾನಾ ಸಾನಾ ಕೊಲಿತಾ ದೆ ರಾನಾ, ಸಿ ನೊ ಸಾನಾಸ್ ಒಯ್, ಸಾನರಾಸ್ ಮನ್ಯಾನಾ.’ ವಾಸಿಯಾಗು ವಾಸಿಯಾಗು ಕಪ್ಪೆಯ ಬಾಲವೇ, ಇವತ್ತು ವಾಸಿಯಾಗದಿದ್ದರೆ ನಾಳೆ ವಾಸಿಯಾಗುತ್ತೀಯೆ. ಸ್ಪ್ಯಾನಿಷ್ ಮನೆಗಳಲ್ಲಿ ಬಿದ್ದ ಮಗುವಿನ ಗಾಯದ ಮೇಲೆ ಕೈಯಾಡಿಸುತ್ತ ಹೇಳುವ ಪ್ರಾಸ. ಹಾಸ್ಯ ವಿಡಿಯೊಗಳಲ್ಲಿ ಕೈ ಮುರಿದುಕೊಂಡು ಬಂದ ಮೂವತ್ತರ ಮಗನಿಗೂ ಅಮ್ಮ ಆಸ್ಪತ್ರೆಯ ಬದಲು ಇದನ್ನೇ ದಯಪಾಲಿಸುತ್ತಾಳೆ. ಕಪ್ಪೆಗೆ ಬಾಲ ಎಲ್ಲಿದೆ ಎಂದು ನೀವು ಕೇಳುವಿರಿ, ಶಿಕ್ಷಕಿಯಲ್ಲವೇ. ಗೊದಮೊಟ್ಟೆಗೆ ಇರುತ್ತದೆ.